ಮೈನಸ್ 25ರಲ್ಲಿ ಒಂದು ತವರು ಪಂದ್ಯ

(ಬೆಳಗಾವಿಯಲ್ಲಿ ಕ್ರೀಡಾಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ವಿನ್ನಿಪೆಗ್ ನಮ್ಮ ಬೆಳಗಾವಿಗಿಂತ ತೀರಾ ದೊಡ್ಡ ಊರೇನೂ ಅಲ್ಲ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ರಾಜಧಾನಿ ಅದು. 2021ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 7.5 ಲಕ್ಷ. ನಮ್ಮ ಊರು, ಅದಕ್ಕೆ ಅಂಟಿಕೊಂಡ ಪ್ರದೇಶ ಸೇರಿ, 2011ರಲ್ಲೇ 6 ಲಕ್ಷ ದಾಟಿತ್ತು. ಈಗ ಎಷ್ಟಾಗಿರಬಹುದು ಎಂಬುದನ್ನು ಸಂಜೆ ಆರಕ್ಕೆ ಗೋಗಟೆ ವೃತ್ತ ದಾಟಲು ಕಾದು ನಿಂತವರು ಊಹಿಸಬಲ್ಲರು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಹೊರದೇಶದ ಕ್ರೀಡಾಂಗಣದ ಸುದ್ದಿ ತೆಗೆದ ಕೂಡಲೇ ನಾವು ‘ಅವರದು ದೊಡ್ಡ ಊರು, ದೊಡ್ಡ ದುಡ್ಡು’ ಎಂದು ಮಾತು ಮುಗಿಸಿಬಿಡುತ್ತೇವೆ. ದುಡ್ಡಿನ ಮಾತು ನಿಜ. ಊರಿನ ಮಾತು ನಿಜವಲ್ಲ.

ನನ್ನ ಮಗಳು, ಅಳಿಯಂದಿರು ಅಲ್ಲಿ ನೆಲೆಸಿದ್ದಾರೆ. ಚಳಿಗಾಲದಲ್ಲಿ ಅಲ್ಲಿಗೆ ಹೋಗಬೇಡಿ ಎಂದು ಎಲ್ಲರೂ ಹೇಳಿದರು. ಅಲ್ಲಿನ ಐಸ್ ಹಾಕಿ ನೋಡಬೇಕಾದರೆ ಚಳಿಗಾಲದಲ್ಲೇ ಹೋಗಬೇಕು ಎಂದು ಅಳಿಯಂದಿರು ಒಬ್ಬರೇ ಹೇಳಿದರು. ಟಿಕೆಟ್ಟನ್ನೂ ಅವರೇ ತೆಗೆಸಿದ್ದರು. ಅದರ ಬೆಲೆಯನ್ನು ಇಲ್ಲಿ ಹೇಳುವುದಿಲ್ಲ, ಹೇಳಿದರೆ ನನ್ನ ಪಿಂಚಣಿಯ ಬಗ್ಗೆ ನೀವು ಅನುಮಾನ ಪಡುತ್ತೀರಿ.

ಮೊದಲು ಚಳಿಯ ವಿಷಯ ಮುಗಿಸುತ್ತೇನೆ. ಡಿಸೆಂಬರಿನಲ್ಲಿ ಪಾದರಸ 12 ಡಿಗ್ರಿಗೆ ಇಳಿದರೆ ನಾವು ಕಿವಿಗೆ ಮಫ್ಲರ್ ಸುತ್ತಿಕೊಂಡು, ಬೆಳಗಿನ ತಿರುಗಾಟವನ್ನು ಒಂದು ಗಂಟೆ ಮುಂದೆ ಹಾಕಿ, ಚಹಾದ ಅಂಗಡಿಯಲ್ಲಿ ನಿಂತು ಹವಾಮಾನದ ಮೇಲೆ ಭಾಷಣ ಮಾಡುತ್ತೇವೆ. ಆ ರಾತ್ರಿ ವಿನ್ನಿಪೆಗ್‌ನಲ್ಲಿ ಮೈನಸ್ 25. ಅಲ್ಲಿ ಕಾರುಗಳ ಮೂತಿಯಿಂದ ಒಂದು ವೈರು ಜೋತಾಡುತ್ತಿರುತ್ತದೆ. ಎಂಜಿನ್ನನ್ನು ಬೆಚ್ಚಗಿಡುವ ಹೀಟರಿನ ವೈರು ಅದು. ಮನೆಯ ಅಂಗಳದಲ್ಲಿ, ಕಚೇರಿಗಳ ಮುಂದೆ, ಕಾರು ನಿಲ್ಲಿಸುವ ಜಾಗದಲ್ಲಿ ಅದಕ್ಕೆಂದೇ ಪ್ಲಗ್ಗಿನ ಕಂಬ ಹಾಕಿರುತ್ತಾರೆ. ಉಸಿರು ಎಳೆದರೆ ಮೂಗಿನೊಳಗಿನ ಕೂದಲು ಗಟ್ಟಿಯಾಗುವುದು ಗೊತ್ತಾಗುತ್ತದೆ. ನಗರದ ನಡುಭಾಗದ ಕಟ್ಟಡಗಳನ್ನು ಮುಚ್ಚಿದ ಕಾಲುಸೇತುವೆಗಳಿಂದ ಒಂದಕ್ಕೊಂದು ಜೋಡಿಸಿದ್ದಾರೆ. ಬೀದಿಗೆ ಇಳಿಯದೆಯೇ ಅದರೊಳಗೆ ನಡೆದುಕೊಂಡು ಕ್ರೀಡಾಂಗಣ ಸೇರಬಹುದು. ಅಂಥ ರಾತ್ರಿಯಲ್ಲಿ, ಅದೂ ಮರುದಿನ ಎಲ್ಲರಿಗೂ ಕೆಲಸವಿರುವ ವಾರದ ನಡುವೆ, 15,000ಕ್ಕೂ ಹೆಚ್ಚು ಆಸನಗಳ ಕೆನಡಾ ಲೈಫ್ ಸೆಂಟರ್ ಹೆಚ್ಚುಕಡಿಮೆ ತುಂಬಿತ್ತು. ಕೆನಡಾ, ಅಮೆರಿಕಗಳ ತಂಡಗಳು ಆಡುವ ನ್ಯಾಷನಲ್ ಹಾಕಿ ಲೀಗಿನ 32 ತಂಡಗಳ ಅಂಗಣಗಳಲ್ಲಿ ಇದು ತೀರಾ ಚಿಕ್ಕವುಗಳ ಸಾಲಿಗೆ ಸೇರಿದ್ದು ಎಂಬುದನ್ನೂ ಗಮನದಲ್ಲಿಡಿ.

ನೀವು ಮನಸ್ಸಿನಲ್ಲಿ ಕೇಳುತ್ತಿರುವ ಪ್ರಶ್ನೆ ನನಗೆ ಗೊತ್ತು. ಮಂಜುಗಡ್ಡೆಯ ಮೇಲೆ ಜಾರುವ ಆಟ ನಿಜವಾಗಿ ಹಾಕಿಯೇ? ಇಲ್ಲಿ ಲೇಲೆ ಮೈದಾನದ ಧೂಳು ಕುಡಿದು ಬೆಳೆದವರು ಕೆಲವರು ಕುಳಿತಿದ್ದೀರಿ. ನಾನೂ ಕಾಲೇಜಿನ ದಿನಗಳಲ್ಲಿ ಎಡ ಹಾಫ್ ಆಗಿ, ಅಂದರೆ ನಡುಸಾಲಿನ ಎಡಬದಿಯಲ್ಲಿ, ಆಡಿದವನು. ಹಾಗಾಗಿ ನಮ್ಮ ಭಾಷೆಯಲ್ಲೇ ಲೆಕ್ಕ ಒಪ್ಪಿಸುತ್ತೇನೆ.

ನಮ್ಮ ಚೆಂಡಿನ ತೂಕ 156ರಿಂದ 163 ಗ್ರಾಂ. ಅವರದು ಚೆಂಡಲ್ಲ, ಪಕ್; ಗಟ್ಟಿ ರಬ್ಬರಿನ ಬಿಲ್ಲೆ, ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ. ಅದರ ತೂಕ 156ರಿಂದ 170 ಗ್ರಾಂ. ಅಂದರೆ ಕೈಗೆ ತಾಗುವ ಭಾರ ಎರಡೂ ಆಟದಲ್ಲಿ ಹೆಚ್ಚುಕಡಿಮೆ ಒಂದೇ. ಪಕ್ಕನ್ನು ಪಂದ್ಯಕ್ಕೆ ಮೊದಲು ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಬೆಚ್ಚಗಿನ ರಬ್ಬರು ಪುಟಿಯುತ್ತದೆ, ತಣ್ಣಗಾದದ್ದು ಮಂಜಿಗೆ ಅಂಟಿಕೊಂಡು ಜಾರುತ್ತದೆ. ಮೈದಾನ ನಮ್ಮದಕ್ಕಿಂತ ಬಹಳ ಸಣ್ಣದು: ನಮ್ಮದು 91.4 ಮೀಟರ್ ಉದ್ದ, 55 ಮೀಟರ್ ಅಗಲ. ಅವರದು 200 ಅಡಿ ಉದ್ದ, 85 ಅಡಿ ಅಗಲ. ಗೋಲ್‌ಕೀಪರ್ ಸೇರಿ ಆರು ಜನ. ನಮ್ಮ ಗೋಲು 12 ಅಡಿ ಅಗಲ, 7 ಅಡಿ ಎತ್ತರ. ಅವರದು 6 ಅಡಿ ಅಗಲ, 4 ಅಡಿ ಎತ್ತರ. ಆ ಸಣ್ಣ ಕಿಂಡಿಯ ಮುಂದೆ ಮೈತುಂಬ ಮೆತ್ತೆ ಕಟ್ಟಿಕೊಂಡ ದೊಡ್ಡ ಆಳು ನಿಂತರೆ ಗೋಲು ಹೊಡೆಯಲು ಉಳಿಯುವುದು ಅವನ ಭುಜದ ಮೇಲಿನ ಎರಡು ಮೂಲೆ, ಕಾಲಿನ ನಡುವಿನ ಸಂದು.

ನಮ್ಮಲ್ಲಿ ಸ್ಟಿಕ್ಕಿನ ಚಪ್ಪಟೆ ಬದಿಯಿಂದ ಮಾತ್ರ ಆಡಬೇಕು. ಅವರು ಎರಡೂ ಬದಿಯಿಂದ ಆಡುತ್ತಾರೆ. ಎಡಗೈಯವನಿಗೆ ಎಡಗೈ ಸ್ಟಿಕ್ಕೇ ಸಿಗುತ್ತದೆ. ನಮ್ಮೊಂದಿಗೆ ಆಡಿದ ಎಡಚರು ಬಲಗೈ ಸ್ಟಿಕ್ ಹಿಡಿದು ಪಟ್ಟ ಕಷ್ಟ ನೆನಪಾಗಿ ಅವರ ಪರವಾಗಿ ನನಗೇ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಚೆಂಡು ಹೊರಗೆ ಹೋಯಿತು ಎಂಬ ತಂಟೆಯೂ ಅಲ್ಲಿ ಕಡಿಮೆ. ಸುತ್ತ ಹಲಗೆಯ ಗೋಡೆ, ಅದರ ಮೇಲೆ ಗಾಜು. ಪಕ್ ಗೋಡೆಗೆ ಬಡಿದು ಮರಳಿ ಆಟಕ್ಕೆ ಬರುತ್ತದೆ. ಆ ಗೋಡೆಯನ್ನೇ ಜೊತೆಗಾರನನ್ನಾಗಿ ಮಾಡಿಕೊಂಡು ಪಾಸ್ ಕೊಡುತ್ತಾರೆ. ಎಲ್ಲಕ್ಕಿಂತ ನನಗೆ ಸೋಜಿಗವೆನಿಸಿದ್ದು ಗೋಲಿನ ಹಿಂದೆಯೂ ಆಟ ನಡೆಯುವುದು. ಗೋಲ್ ಗೆರೆಯ ಹಿಂದೆ 11 ಅಡಿ ಜಾಗವಿದೆ. ಮುನ್ನಡೆ ಆಟಗಾರ ಅಲ್ಲಿಗೆ ಹೋಗಿ, ಗೋಲ್‌ಕೀಪರನ ಬೆನ್ನ ಹಿಂದೆ ನಿಂತು, ಯಾವ ಕಡೆಯಿಂದ ಹೊರಬರಲಿ ಎಂದು ಆಡಿಸುತ್ತಾನೆ. ಜೀವನವೆಲ್ಲ ಗೋಲ್ ಗೆರೆಯನ್ನು ಲೋಕದ ಅಂಚು ಎಂದು ನಂಬಿದ ನಮ್ಮಂಥವರು ಇದನ್ನು ಅರಗಿಸಿಕೊಳ್ಳಲು ಒಂದು ಅವಧಿ ಪೂರ್ತಿ ಬೇಕು.

ಅವಧಿಗಳು ಮೂರು, ತಲಾ 20 ನಿಮಿಷ. ಆಟ ನಿಂತಾಗಲೆಲ್ಲ ಗಡಿಯಾರವೂ ನಿಲ್ಲುವುದರಿಂದ ಒಟ್ಟು ಎರಡೂವರೆ ಗಂಟೆ ಹಿಡಿಯುತ್ತದೆ. ಆಫ್‌ಸೈಡ್, ಅಂದರೆ ಎದುರಾಳಿಯ ಕಡೆಗೆ ಮುಂಚಿತವಾಗಿ ನುಗ್ಗಿ ನಿಲ್ಲಬಾರದೆಂಬ ನಿಯಮ, ಅಲ್ಲಿ ಇನ್ನೂ ಬದುಕಿದೆ. ನಮ್ಮ ಹಾಕಿಯಲ್ಲಿ 1990ರ ದಶಕದಲ್ಲಿ ಅದನ್ನು ತೆಗೆದುಹಾಕಿದರು. ಹಾಫ್‌ಗಳ ಕಸುಬಿನ ಅರ್ಧ ಅಂದೇ ಹೋಯಿತು ಎಂದು ನಾನು ಈಗಲೂ ವಾದಿಸುತ್ತೇನೆ, ಆದರೆ ಆ ವಾದಕ್ಕೆ ಬೇರೆಯೇ ಒಂದು ಸಂಜೆ ಬೇಕು. ತಪ್ಪು ಮಾಡಿದವನನ್ನು ಎರಡು ನಿಮಿಷ ಹೊರಗೆ ಕೂರಿಸುವ ಪದ್ಧತಿ ಎರಡರಲ್ಲೂ ಇದೆ. ನಮ್ಮ ಹಸಿರು ಕಾರ್ಡಿನ ಶಿಕ್ಷೆಯೂ ಈಗ ಎರಡೇ ನಿಮಿಷ. ವ್ಯತ್ಯಾಸವೇನೆಂದರೆ ಅಲ್ಲಿ ಆ ಅವಧಿಯಲ್ಲಿ ಎದುರಾಳಿ ಗೋಲು ಹೊಡೆದರೆ ಸಣ್ಣ ತಪ್ಪಿನವನ ಶಿಕ್ಷೆ ಅಲ್ಲಿಗೇ ಮುಗಿಯುತ್ತದೆ. ಕೈಕೈ ಮಿಲಾಯಿಸಿದವರಿಗೆ ಐದು ನಿಮಿಷ. ಹೌದು, ಹೊಡೆದಾಡುತ್ತಾರೆ. ಕೈಗವಸು ಕಿತ್ತೆಸೆದು ಹೊಡೆದಾಡುತ್ತಾರೆ. ನಾನು ನೋಡಿದ ದಿನವೂ ಒಂದು ಜೋಡಿ ಮಿಲಾಯಿಸಿತು. ನನಗೆ ಅದು ಸೇರಲಿಲ್ಲ. ಅದನ್ನು ಆಟದ ಗಂಡಸುತನ ಎಂದು ಹೊಗಳುವವರು ಅಲ್ಲಿ ಇದ್ದಾರೆ, ಅಂಥವರು ಎಲ್ಲ ಊರಿನಲ್ಲೂ ಇರುತ್ತಾರೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ತವರು ಪಂದ್ಯ ಎಂದರೆ ನಾವು ಸಾಮಾನ್ಯವಾಗಿ ಅಭಿಮಾನದ ಮಾತು ಎಂದುಕೊಳ್ಳುತ್ತೇವೆ. ನಮ್ಮವರು, ನಮ್ಮ ನೆಲ, ನಮ್ಮ ಕೂಗು. ಐಸ್ ಹಾಕಿಯಲ್ಲಿ ಅದು ನಿಯಮದ ಪುಸ್ತಕದಲ್ಲೇ ಇದೆ. ಈ ಆಟದಲ್ಲಿ ಒಬ್ಬ ಆಟಗಾರ ಒಂದು ಸಲಕ್ಕೆ ಮುಕ್ಕಾಲು ನಿಮಿಷದಷ್ಟು ಮಾತ್ರ ಮಂಜಿನ ಮೇಲಿರುತ್ತಾನೆ. ಮೈಯಲ್ಲಿರುವ ಶಕ್ತಿಯನ್ನೆಲ್ಲ ಸುರಿದು, ಏದುಸಿರಿನಲ್ಲಿ ಬಂದು ಬೆಂಚಿನ ಮೇಲೆ ಬೀಳುತ್ತಾನೆ, ಗೋಡೆ ಹಾರಿ ಇನ್ನೊಬ್ಬ ಇಳಿಯುತ್ತಾನೆ. ಆಟ ನಡೆಯುತ್ತಿರುವಾಗಲೇ ಈ ಬದಲಾವಣೆ. ಆದರೆ ಸೀಟಿ ಊದಿ ಆಟ ನಿಂತಾಗ ಒಂದು ಶಿಸ್ತಿದೆ: ಅತಿಥಿ ತಂಡ ತನ್ನ ಆಟಗಾರರನ್ನು ಮೊದಲು ಇಳಿಸಬೇಕು. ಅವರು ಯಾರು ಯಾರು ಎಂಬುದನ್ನು ಕಣ್ಣಾರೆ ಕಂಡ ಮೇಲೆ ತವರು ತಂಡದ ಕೋಚ್ ತನ್ನವರನ್ನು ಕಳಿಸುತ್ತಾನೆ. ಅವರ ಅತ್ಯುತ್ತಮ ಮುನ್ನಡೆ ಆಟಗಾರ ಇಳಿದಿದ್ದರೆ ಅವನಿಗೆ ಅಂಟಿಕೊಳ್ಳಬಲ್ಲ ಗಟ್ಟಿಗನನ್ನೇ ಇಳಿಸಬಹುದು. ಕೊನೆಯ ಮಾತು ಮನೆಯವರದು.

ಇನ್ನೊಂದು ಸಣ್ಣ ಸವಲತ್ತೂ ಇದೆ. ನಡುಗೆರೆಯಲ್ಲಿ ಇಬ್ಬರು ಎದುರುಬದುರು ನಿಂತು, ರೆಫರಿ ಪಕ್ಕನ್ನು ನಡುವೆ ಬೀಳಿಸುತ್ತಾನೆ. ನಮ್ಮ ಆಟದಲ್ಲಿ ಈಗ ಅಪರೂಪವಾಗಿರುವ ಬುಲ್ಲಿಯ ದೂರದ ಸಂಬಂಧಿ ಅದು. ಆಗ ಅತಿಥಿ ಆಟಗಾರ ತನ್ನ ಸ್ಟಿಕ್ಕನ್ನು ಮೊದಲು ಮಂಜಿಗೆ ಊರಬೇಕು, ತವರಿನವನು ಆಮೇಲೆ. ಅರೆಕ್ಷಣದ ಲಾಭ. ಆದರೆ ಬುಲ್ಲಿ ಆಡಿದವರಿಗೆ ಅರೆಕ್ಷಣದ ಬೆಲೆ ಹೇಳಿಕೊಡಬೇಕಾಗಿಲ್ಲ.

ನಾನು ಕುಳಿತ ಜಾಗ ಮೇಲಿನ ಸಾಲುಗಳಲ್ಲಿತ್ತು. ಅಲ್ಲಿಂದ ಇದೆಲ್ಲ ಸ್ಪಷ್ಟವಾಗಿ ಕಾಣುತ್ತದೆ. ಗಾಜಿಗೆ ಮೂಗು ತಾಗಿಸಿ ಕುಳಿತವರಿಗೆ ವೇಗ ಸಿಗುತ್ತದೆ. ಮೇಲೆ ಕುಳಿತವರಿಗೆ ಆಟ ಸಿಗುತ್ತದೆ. ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು, ತಂಡದ ನೀಲಿ ಜರ್ಸಿ ಹಾಕಿಕೊಂಡು, ತೊಡೆಯ ಮೇಲೆ ದಪ್ಪ ಕೋಟು ಮಡಿಸಿಟ್ಟುಕೊಂಡು ಕುಳಿತಿದ್ದರು. ನಾನು ಹೊಸಬ ಎಂಬುದು ಅವರಿಗೆ ಗೊತ್ತಾಗಲು ಹೊತ್ತು ಬೇಕಾಗಲಿಲ್ಲ. ಎರಡನೆಯ ಅವಧಿಯಲ್ಲಿ ತಂಡಗಳು ಬದಿ ಬದಲಿಸುವುದರಿಂದ ಬೆಂಚು ರಕ್ಷಣೆಯ ಕಡೆಯಿಂದ ದೂರವಾಗುತ್ತದೆ, ದಣಿದವರು ಹೊರಬರಲಾಗದೆ ಸಿಕ್ಕಿಬೀಳುತ್ತಾರೆ, ಅದಕ್ಕೇ ಆ ಅವಧಿಯಲ್ಲಿ ಗೋಲು ಹೆಚ್ಚು ಎಂದು ಅವರು ನನಗೆ ತಿಳಿಸಿ ಹೇಳಿದರು. ಅಲ್ಲಿಯವರೆಗೆ ನಾನು ಬೆಂಚು ಎಲ್ಲಿದೆ ಎಂಬುದನ್ನೇ ನೋಡಿರಲಿಲ್ಲ. ನಮ್ಮಲ್ಲಿ ಎಷ್ಟು ಮನೆಗಳ ಅಜ್ಜಿಯಂದಿರು ಪೆನಾಲ್ಟಿ ಕಾರ್ನರಿನ ತಂತ್ರ ವಿವರಿಸಬಲ್ಲರು? ಕೊಡಗಿನವರು ಕೈ ಎತ್ತಬಹುದು. ಬೆಳಗಾವಿಯವರು ಸುಮ್ಮನಿರುವುದೇ ಒಳ್ಳೆಯದು.

ರಾಷ್ಟ್ರಗೀತೆಯ ಹೊತ್ತಿಗೆ ಇನ್ನೊಂದು ವಿಶೇಷ. ಕೆನಡಾದ ರಾಷ್ಟ್ರಗೀತೆಯಲ್ಲಿ ‘ಟ್ರೂ ನಾರ್ತ್’ ಎಂಬ ಎರಡು ಪದ ಬಂದಾಗ ಇಡೀ ಅಂಗಣ ಆ ಎರಡನ್ನು ಮಾತ್ರ ಗಂಟಲು ಹರಿಯುವಂತೆ ಕೂಗುತ್ತದೆ. ತಂಡವನ್ನು ಊರಿಗೆ ಮರಳಿ ತಂದ ಸಂಸ್ಥೆಯ ಹೆಸರೂ ಅದೇ. ಒಬ್ಬ ಮಾಲೀಕನಿಗೆ ಪ್ರೇಕ್ಷಕರು ಟಿಕೆಟ್ ಕೊಟ್ಟು ಬಂದು ಪಂದ್ಯ ಪಂದ್ಯಕ್ಕೂ ಕೃತಜ್ಞತೆ ಹೇಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರಳಿ ತಂದ ಎಂದೆ. ಆ ಕಥೆ ತಿಳಿಯದೆ ಆ ಕೂಗು ಅರ್ಥವಾಗುವುದಿಲ್ಲ. ವಿನ್ನಿಪೆಗ್‌ನ ಈಗಿನ ತಂಡದ ಹೆಸರು ಜೆಟ್ಸ್. ಮೊದಲೂ ಅದೇ ಹೆಸರಿನ ತಂಡವಿತ್ತು. 1990ರ ದಶಕದ ನಡುವೆ ಆಟಗಾರರ ಸಂಬಳ ಏರಿತು, ಕೆನಡಾದ ಡಾಲರ್ ಇಳಿಯಿತು. ಆದಾಯ ಒಂದು ನಾಣ್ಯದಲ್ಲಿ, ಸಂಬಳ ಇನ್ನೊಂದರಲ್ಲಿ. ಅಂಗಣವೂ ಹಳೆಯದಾಗಿತ್ತು. 1995ರಲ್ಲಿ ತಂಡವನ್ನು ಉಳಿಸಿಕೊಳ್ಳಲು ಜನ ಬೀದಿಗಿಳಿದರು, ಚಂದಾ ಎತ್ತಿದರು. ಸಾಲಲಿಲ್ಲ. 1996ರಲ್ಲಿ ತಂಡ ಅಮೆರಿಕದ ಫೀನಿಕ್ಸ್‌ಗೆ ಹೋಯಿತು, ಮರುಭೂಮಿಯ ಊರಿಗೆ. ಮಂಜು ಬಿದ್ದು ಬಿದ್ದು ಸಾಕಾದ ಊರಿನಿಂದ ಐಸ್ ಹಾಕಿ ಎದ್ದು ಹೋಗಿ ಬಿಸಿಲಿನ ಊರು ಸೇರಿತು ಎಂದರೆ, ಹವೆಗೂ ಈ ಕಸುಬಿಗೂ ಇರುವ ಸಂಬಂಧ ಎಷ್ಟು ತೆಳುವಾದದ್ದು ನೋಡಿ. ಹದಿನೈದು ವರ್ಷ ಊರಿನಲ್ಲಿ ಆ ಲೀಗಿನ ಆಟವಿರಲಿಲ್ಲ. ಆ ನಡುವೆ, 2004ರಲ್ಲಿ, ತಂಡವೇ ಇಲ್ಲದ ಊರಿನವರು ಹೊಸ ಅಂಗಣವನ್ನು ಕಟ್ಟಿ ಇಟ್ಟುಕೊಂಡರು. ಕೆಳದರ್ಜೆಯ ಲೀಗಿನ ಪಂದ್ಯಗಳನ್ನು ಆಡಿಸಿದರು. 2011ರಲ್ಲಿ ಅಟ್ಲಾಂಟಾದ ತಂಡ ಮಾರಾಟಕ್ಕೆ ಬಂದಾಗ ಕೊಂಡು ತಂದರು. ಇಡೀ ಋತುವಿನ ಟಿಕೆಟ್ಟುಗಳನ್ನು ಮುಂಗಡವಾಗಿ 13,000 ಮಾರಬೇಕು ಎಂದು ಗುರಿ ಇಟ್ಟುಕೊಂಡರು. ಕೆಲವೇ ದಿನಗಳಲ್ಲಿ ಅಷ್ಟೂ ಖರ್ಚಾದವು.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ನಂತರದ ವರ್ಷಗಳಲ್ಲಿ, ಕೊರೊನಾ ಕಾಲ ಕಳೆದ ಮೇಲೆ, ಋತುವಿನ ಟಿಕೆಟ್ ಕೊಳ್ಳುವವರ ಸಂಖ್ಯೆ 10,000ಕ್ಕಿಂತ ಕೆಳಗೆ ಇಳಿಯಿತು. ತಂಡ ಮತ್ತೆ ಹೋಗುತ್ತದೆಯೇ ಎಂಬ ಮಾತು ಪತ್ರಿಕೆಗಳಲ್ಲಿ ಬಂತು. ಅಭಿಮಾನ ಅಷ್ಟೇ ಇದೆ, ಮನೆಯ ಖರ್ಚು ಏರಿದೆ. ಪಕ್ಕದ ಆಸನದ ಆ ಹಿರಿಯರೂ ಈಗ ತಮ್ಮ ಟಿಕೆಟ್ಟನ್ನು ಅಕ್ಕನೊಂದಿಗೆ ಹಂಚಿಕೊಳ್ಳುತ್ತಾರಂತೆ. ಒಂದು ಪಂದ್ಯಕ್ಕೆ ಇವರು, ಇನ್ನೊಂದಕ್ಕೆ ಅವರು. ಯಾವ ತಾರೀಖು ಯಾರದು ಎಂದು ಆಟ ಶುರುವಾಗುವ ಮೊದಲೇ ಇಬ್ಬರೂ ಕುಳಿತು ಗೊತ್ತುಮಾಡಿಕೊಳ್ಳುತ್ತಾರಂತೆ.

ಈ ತಾರೀಖಿನ ವಿಷಯವನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಿ. ಅದಕ್ಕೆ ಮೊದಲು ನಮ್ಮ ಊರಿನ ಮಾತು.

ಬೆಳಗಾವಿಗೆ ಹಾಕಿ ಎರವಲು ಬಂದದ್ದಲ್ಲ. ದಂಡಿನ ಊರು ಇದು. ಎಲ್ಲಿ ಪಲ್ಟನ್ನು ಇತ್ತೋ ಅಲ್ಲಿ ಹಾಕಿ ಇತ್ತು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ನಮ್ಮ ಬೆಳಗಾವಿಯ ಬಂಡು ಪಾಟೀಲರಿದ್ದರು. ಅದೇ ತಂಡದ ಗೋಲ್‌ಕೀಪರ್ ಶಂಕರ ಲಕ್ಷ್ಮಣ್ ಮಧ್ಯಪ್ರದೇಶದ ಮಊ ಊರಿನವರು, ಆದರೆ ಅವರ ಸೇವೆ ಮರಾಠಾ ಲಘು ಪದಾತಿ ದಳದಲ್ಲಿ. ಆ ದಳದ ಕೇಂದ್ರ ಎಲ್ಲಿದೆ ಎಂದು ಈ ಸಭೆಗೆ ಹೇಳುವ ಅಗತ್ಯವಿಲ್ಲ. ಫೈನಲಿನಲ್ಲಿ ಪಾಕಿಸ್ತಾನದ ಎದುರು 1-0. ಮೊಹಿಂದರ್ ಲಾಲ್ ಹೊಡೆದ ಒಂದು ಗೋಲು. ಉಳಿದ ಹೊತ್ತೆಲ್ಲ ಲಕ್ಷ್ಮಣ್ ಅದನ್ನು ಕಾಯ್ದರು. ಮುಖಕ್ಕೆ ಕವಚವಿಲ್ಲ, ತಲೆಗೆ ಹೆಲ್ಮೆಟ್ ಇಲ್ಲ. ವಿನ್ನಿಪೆಗ್‌ನಲ್ಲಿ ಗೋಲ್‌ಕೀಪರ್ ಕಾನರ್ ಹೆಲ್ಲೆಬಕ್ ಎಂದರೆ ದೇವರ ಮುಂದಿನ ಸ್ಥಾನ. 2025ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನ ಪ್ರಶಸ್ತಿಯೇ ಅವನಿಗೆ ಬಂತು. ಅವನ ಮೈಮೇಲಿನ ಮೆತ್ತೆ, ಕವಚ, ಪಂಜರ ನೋಡುತ್ತ ನಾನು ಲಕ್ಷ್ಮಣರನ್ನು ನೆನೆದೆ. ಕೊನೆಯ ದಿನಗಳಲ್ಲಿ ಕಾಲಿನ ಗ್ಯಾಂಗ್ರೀನಿನಿಂದ ನರಳಿ ಅವರು 2006ರಲ್ಲಿ ಮಊದಲ್ಲಿ ತೀರಿಕೊಂಡರು.

ವಿನ್ನಿಪೆಗ್‌ಗೂ ಇಂಥದೇ ಒಂದು ಹಳೆಯ ಚಿನ್ನವಿದೆ. ಐಸ್ ಹಾಕಿ ಒಲಿಂಪಿಕ್ಸ್‌ಗೆ ಮೊದಲ ಸಲ ಬಂದದ್ದು 1920ರಲ್ಲಿ, ಆಂಟ್‌ವರ್ಪ್‌ನಲ್ಲಿ. ಕೆನಡಾದ ಪರವಾಗಿ ಹೋಗಿ ಗೆದ್ದದ್ದು ವಿನ್ನಿಪೆಗ್ ಫಾಲ್ಕನ್ಸ್ ಎಂಬ ಊರ ಕ್ಲಬ್ಬು. ಅವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಐಸ್‌ಲ್ಯಾಂಡಿನಿಂದ ವಲಸೆ ಬಂದ ಕುಟುಂಬಗಳ ಮಕ್ಕಳು. ಊರಿನ ಮೇಲ್ವರ್ಗದ ತಂಡಗಳು ಮೊದಲು ಅವರನ್ನು ಜೊತೆಗೆ ಆಡಿಸಿಕೊಳ್ಳಲು ಒಲ್ಲೆ ಎಂದಿದ್ದವು. ಗೆದ್ದ ಮೇಲೆ ಎಲ್ಲರಿಗೂ ಅವರು ನಮ್ಮವರಾದರು, ಅದೂ ಎಲ್ಲ ಊರಿನ ಕಥೆ.

ಕೆನಡಾಕ್ಕೂ ನಮ್ಮ ಹಾಕಿಗೂ ಇನ್ನೊಂದು ಕಹಿ ನಂಟಿದೆ. 1928ರಿಂದ 1972ರ ವರೆಗೆ ಯಾವ ಒಲಿಂಪಿಕ್ಸ್‌ನಿಂದಲೂ ಭಾರತದ ಹಾಕಿ ತಂಡ ಬರಿಗೈಯಲ್ಲಿ ಬಂದಿರಲಿಲ್ಲ. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದೆವು. ಜಸದೇವ್ ಸಿಂಗ್ ಅವರ ವೀಕ್ಷಕ ವಿವರಣೆಯನ್ನು ರೇಡಿಯೋಗೆ ಕಿವಿ ಒತ್ತಿ ಕೇಳಿದವರು ಇಲ್ಲಿದ್ದೀರಿ. ಮರುವರ್ಷ ಮಾಂಟ್ರಿಯಲ್. ಒಲಿಂಪಿಕ್ಸ್ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಡಿಸಿದರು. ನಮಗೆ ಏಳನೆಯ ಸ್ಥಾನ. ನೆಲವೇ ಬದಲಾಯಿತು, ನಮ್ಮ ಮಣಿಕಟ್ಟಿನ ಕಲೆ ಅಲ್ಲಿ ಸಾಗಲಿಲ್ಲ ಎಂದು ಐವತ್ತು ವರ್ಷಗಳಿಂದ ಹೇಳುತ್ತಿದ್ದೇವೆ. ಅದರಲ್ಲಿ ಸತ್ಯವಿದೆ. ಆದರೆ ಆ ಒಂದು ಸತ್ಯ ನಮಗೆ ಬಹಳ ಅನುಕೂಲವಾಗಿಬಿಟ್ಟಿತು. ಬೆಳಗಾವಿಯಲ್ಲಿ ಹಾಕಿ ಯಾಕೆ ಸೊರಗಿತು ಎಂದು ಕೇಳಿದರೂ ಟರ್ಫ್ ಇಲ್ಲ ಎಂಬ ಉತ್ತರ ಸಿದ್ಧವಿರುತ್ತದೆ. ಟರ್ಫ್ ಇಲ್ಲದ್ದರಿಂದ ಆಟಗಾರರು ರಾಷ್ಟ್ರೀಯ ಮಟ್ಟಕ್ಕೆ ಏರದೆ ಇರಬಹುದು. ನೋಡುವವರು ಎಲ್ಲಿ ಹೋದರು? ನೋಡುವವರಿಗೆ ಯಾವ ಟರ್ಫ್ ಬೇಕು?

ಈಗ ತಾರೀಖಿಗೆ ಬರೋಣ. ಆ ಲೀಗಿನಲ್ಲಿ ನಾನು ನೋಡಿದ ಋತುವಿನಲ್ಲಿ ಪ್ರತಿ ತಂಡಕ್ಕೆ 82 ಪಂದ್ಯ. ಅದರಲ್ಲಿ 41 ತವರಿನಲ್ಲಿ. ಅಷ್ಟರ ದಿನಾಂಕ, ವೇಳೆ, ಎದುರಾಳಿ ಎಲ್ಲವೂ ಬೇಸಿಗೆಯಲ್ಲೇ ಅಚ್ಚಾಗಿ ಬರುತ್ತವೆ. ಮಗಳ ಮನೆಯ ಫ್ರಿಜ್ಜಿನ ಬಾಗಿಲಿಗೆ ಆ ಪಟ್ಟಿ ಅಂಟಿಸಿತ್ತು. ದಂತವೈದ್ಯರ ಭೇಟಿ, ಮೊಮ್ಮಗನ ಶಾಲೆಯ ಕಾರ್ಯಕ್ರಮ, ಊರಿಗೆ ಬರುವ ಬೀಗರು, ಎಲ್ಲವೂ ಆ ಪಟ್ಟಿಯ ಸುತ್ತ ಹೊಂದಿಕೊಳ್ಳಬೇಕು. ಮೈನಸ್ 25ರಲ್ಲಿ ಜನ ಬಂದದ್ದು ಆ ದಿನ ಹುಕಿ ಬಂದು ಎಂದುಕೊಳ್ಳಬೇಡಿ. ಅಂಥ ಚಳಿಯಲ್ಲಿ ಯಾರಿಗೂ ಹುಕಿ ಬರುವುದಿಲ್ಲ. ಆರು ತಿಂಗಳ ಹಿಂದೆಯೇ ಆ ರಾತ್ರಿಯನ್ನು ಅದಕ್ಕೆ ಬರೆದುಕೊಟ್ಟಿದ್ದರು, ಅದಕ್ಕೆ ಬಂದರು.

ನಮ್ಮಲ್ಲಿ ಹಾಕಿ ಪಂದ್ಯ ನಡೆದದ್ದು ಗೊತ್ತಾಗುವುದು ಯಾವಾಗ? ಮರುದಿನದ ಪತ್ರಿಕೆಯಲ್ಲಿ, ಗಣ್ಯರು ಟ್ರೋಫಿ ಕೊಡುವ ಚಿತ್ರದಲ್ಲಿ. ಪಂದ್ಯಾವಳಿಗಳು ನಡೆಯುತ್ತವೆ, ಶ್ರಮ ಪಡುವವರು ಇದ್ದಾರೆ, ಅವರನ್ನು ನಾನು ಹಳಿಯುತ್ತಿಲ್ಲ. ಆದರೆ ಮೈದಾನ ಸಿಕ್ಕಾಗ ಆಟ, ಮುಖ್ಯ ಅತಿಥಿಯ ಬಿಡುವು ಸಿಕ್ಕಾಗ ಫೈನಲ್. ಲೇಲೆ ಮೈದಾನದ ಒಂದು ಮೂಲೆಯಲ್ಲಿ ಹಾಕಿ, ಇನ್ನೊಂದರಲ್ಲಿ ಕ್ರಿಕೆಟ್, ನಡುವೆ ಸೈಕಲ್ ಕಲಿಯುವ ಮಕ್ಕಳು. ಚಳಿಗಾಲದಲ್ಲಿ ಬೆಳಗಾವಿಯಲ್ಲಿ ತಾರೀಖು ಗೊತ್ತುಮಾಡಿ, ಎರಡು ಬಣ ಮಾಡಿಕೊಂಡು, ಸಮಯ ಮೀರಿಯೂ ಆಡುವ ಆಟ ಒಂದೇ; ಅದು ಸುವರ್ಣ ವಿಧಾನಸೌಧದಲ್ಲಿ ನಡೆಯುತ್ತದೆ. ಅದರಲ್ಲೂ ಆಟಗಾರರು ಕೆಲವೊಮ್ಮೆ ಬರುವುದಿಲ್ಲ.

ತಾರೀಖಿನ ಬಲ ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ಬನದ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿ ಗಾಡಿಗಳಿಗೆ ಯಾರೂ ಆಮಂತ್ರಣ ಕಳಿಸುವುದಿಲ್ಲ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಯ ಕುಸ್ತಿ ಯಾವ ದಿನ ಎಂದು ಪೈಲ್ವಾನನಿಗೆ ಗೊತ್ತು, ಹಲಗೆ ಬಾರಿಸುವವನಿಗೆ ಗೊತ್ತು, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಗೊತ್ತು. ಆನಂದವಾಡಿಯ ಅಖಾಡಾದಲ್ಲಿ ದೊಡ್ಡ ಕುಸ್ತಿ ಇದ್ದ ದಿನ ಎಲ್ಲೆಲ್ಲಿಂದ ಜನ ಬರುತ್ತಾರೆ ಎಂಬುದನ್ನು ನೋಡಿದ್ದೇವೆ. ವಿನ್ನಿಪೆಗ್‌ನವರು ಹಾಕಿಯನ್ನು ಇಟ್ಟುಕೊಂಡಿರುವುದು ನಾವು ಜಾತ್ರೆಯ ಕುಸ್ತಿಯನ್ನು ಇಟ್ಟುಕೊಂಡ ಹಾಗೆ. ಪಂಚಾಂಗದಲ್ಲಿ ಕೂರಿಸಿದ್ದಾರೆ.

ಹಾಕಿಯಲ್ಲೇ ಉದಾಹರಣೆ ಬೇಕೆಂದರೆ ಕೊಡಗಿಗೆ ಹೋಗಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಎಂಬವರು ಕೊಡವ ಕುಟುಂಬಗಳ ನಡುವೆ ಹಾಕಿ ಹಬ್ಬ ಶುರುಮಾಡಿದರು. ಮೊದಲ ವರ್ಷ 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡ, ಗಿನ್ನೆಸ್ ದಾಖಲೆ. ಪ್ರತಿ ಬೇಸಿಗೆಗೆ ಒಂದು ಕುಟುಂಬ ಹೊಣೆ ಹೊರುತ್ತದೆ, ಮುಂದಿನ ವರ್ಷ ಯಾರು ಎಂಬುದು ಮೊದಲೇ ನಿಶ್ಚಯ. ಮಾವಂದಿರು, ಮೊಮ್ಮಕ್ಕಳು, ಸೊಸೆಯಂದಿರು ಒಂದೇ ತಂಡದಲ್ಲಿ ಆಡುತ್ತಾರೆ. ಒಲಿಂಪಿಕ್ ಆಟಗಾರನೂ ಕಾಫಿ ತೋಟದ ಹುಡುಗನೂ ಒಂದೇ ಮೈದಾನದಲ್ಲಿ. ಅಲ್ಲಿಂದ ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಂ. ಎಂ. ಸೋಮಯ್ಯ ಅವರಂಥವರು ಬಂದದ್ದು ಆ ಹಬ್ಬಕ್ಕೂ ಮೊದಲು. ಹಾಗಾಗಿ ಹಬ್ಬ ಆಟಗಾರರನ್ನು ಹುಟ್ಟಿಸಿತು ಎನ್ನುವುದು ತಪ್ಪು. ಹಬ್ಬ ಕಾಪಾಡಿದ್ದು ನೋಡುವವರನ್ನು.

ಇನ್ನೊಂದು ಕಡೆ ಒಡಿಶಾದ ರೂರ್ಕೆಲಾ. 2023ರ ಜನವರಿಯ ವಿಶ್ವಕಪ್ಪಿಗಾಗಿ ಅಲ್ಲಿ ಬಿರ್ಸಾ ಮುಂಡಾ ಕ್ರೀಡಾಂಗಣ ಕಟ್ಟಿದರು. 20,000 ಜನ ಕುಳಿತು ನೋಡುವಂಥದ್ದು. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕಟ್ಟಲಿಲ್ಲ, ಸುಂದರಗಢ ಜಿಲ್ಲೆಯಲ್ಲಿ ಕಟ್ಟಿದರು, ಭಾರತ ತಂಡದ ಮಾಜಿ ನಾಯಕ ದಿಲೀಪ್ ಟಿರ್ಕಿ ಹುಟ್ಟಿದ ಜಿಲ್ಲೆಯಲ್ಲಿ. ಜನವರಿ 13ರಂದು ಸ್ಪೇನ್ ಎದುರು ಭಾರತ 2-0ಯಿಂದ ಗೆದ್ದಿತು. ಮೊದಲ ಗೋಲು ಹೊಡೆದವನು ಅಮಿತ್ ರೋಹಿದಾಸ್, ಅದೇ ಜಿಲ್ಲೆಯ ಹುಡುಗ. ಆಮೇಲೆ ಆ ವಿಶ್ವಕಪ್ಪಿನಲ್ಲಿ ನಾವು ನ್ಯೂಜಿಲೆಂಡ್‌ಗೆ ಶೂಟೌಟಿನಲ್ಲಿ ಸೋತು ಕ್ವಾರ್ಟರ್ ಫೈನಲನ್ನೂ ಮುಟ್ಟಲಿಲ್ಲ, ಅದು ಬೇರೆ. ಆ ಸಂಜೆ ರೂರ್ಕೆಲಾದಲ್ಲಿ ಇದ್ದವರಿಂದ ಆ ಗೋಲನ್ನು ಯಾರೂ ಕಿತ್ತುಕೊಳ್ಳಲಾರರು.

ಅಂದಹಾಗೆ, ನಾನು ನೋಡಿದ ಪಂದ್ಯದಲ್ಲಿ ವಿನ್ನಿಪೆಗ್ ಸೋತಿತು. ಕೊನೆಯ ಎರಡು ನಿಮಿಷಕ್ಕೆ ಗೋಲ್‌ಕೀಪರನನ್ನೇ ಹೊರಗೆ ಕರೆದು, ಅವನ ಬದಲು ಆರನೆಯ ಆಟಗಾರನನ್ನು ಇಳಿಸಿದರು. ಸಮ ಮಾಡಿಕೊಳ್ಳಲು ಇದು ಅಲ್ಲಿನ ಹಳೆಯ ವಾಡಿಕೆ. ನಮ್ಮ ಹಾಕಿಯೂ ಈಚೆಗೆ ಅದನ್ನು ಕಲಿತಿದೆ. ಎದುರಾಳಿಗಳು ಖಾಲಿ ಗೋಲಿಗೆ ಪಕ್ ಜಾರಿಸಿ ಲೆಕ್ಕ ಚುಕ್ತಾ ಮಾಡಿದರು. ಜನ ಬೈಯುತ್ತ ಕೋಟು ಹಾಕಿಕೊಂಡರು. ಪಕ್ಕದ ಹಿರಿಯರು ಕೋಚನ್ನು ಬೈದರು. ಕೊನೆಯ ಬದಲಾವಣೆ ಕೈಯಲ್ಲಿದ್ದೂ ತಪ್ಪು ಆಟಗಾರರನ್ನು ಇಳಿಸಿದ ಎಂಬುದು ಅವರ ದೂರು. ಅವರ ದೂರು ನ್ಯಾಯವಾಗಿಯೇ ಇತ್ತು.

ಈ ಸಭೆಗೆ ಬರುವ ಮೊದಲು ಗೆಳೆಯರೊಬ್ಬರು ನನ್ನನ್ನು ಕೇಳಿದರು: ಹಾಗಾದರೆ ಬೆಳಗಾವಿಯಲ್ಲಿ ಏನು ಮಾಡಬೇಕು ಎನ್ನುತ್ತೀರಿ? ಲೀಗು ಬೇಡ, ಪ್ರಾಯೋಜಕರು ಬೇಡ, ಬಣ್ಣದ ದೀಪ ಬೇಡ. ಟರ್ಫ್ ಬಂದರೆ ಒಳ್ಳೆಯದು, ಅದಕ್ಕಾಗಿ ಅರ್ಜಿ ಕೊಡುವವರು ಕೊಡುತ್ತಿರಲಿ. ಅದುವರೆಗೆ ಮಣ್ಣಿನ ಮೇಲೆ ಆಡಬಹುದು. ಬಂಡು ಪಾಟೀಲರ ಕಾಲದಲ್ಲಿ ಟರ್ಫ್ ಎಲ್ಲಿತ್ತು? ಕ್ಯಾಂಪ್, ಟಿಳಕವಾಡಿ, ಶಹಾಪುರ, ವಡಗಾವಿ, ಅನಗೋಳ: ಐದು ಪೇಟೆ, ಐದು ತಂಡ. ಒಂದೊಂದು ತಂಡದಲ್ಲಿ ಆ ಪೇಟೆಯಲ್ಲಿ ಮನೆ ಇರುವವರೇ ಆಡಬೇಕು, ಹೊರಗಿನಿಂದ ಕರೆಸಿಕೊಳ್ಳುವಂತಿಲ್ಲ. ಡಿಸೆಂಬರ್, ಜನವರಿಯ ಭಾನುವಾರಗಳು, ಸಂಜೆ ನಾಲ್ಕಕ್ಕೆ. ಮಳೆಯಿಲ್ಲ, ಬಿಸಿಲು ಹದ, ಬೆಳಗಾವಿಯ ಅತ್ಯುತ್ತಮ ಎರಡು ತಿಂಗಳು. ಪಟ್ಟಿಯನ್ನು ಗಣಪತಿ ಹಬ್ಬದ ಹೊತ್ತಿಗೆ ಅಚ್ಚು ಹಾಕಿಸಿ ಕಿರಾಣಿ ಅಂಗಡಿ, ಕ್ಷೌರದ ಅಂಗಡಿ, ಚಹಾದ ಅಂಗಡಿಗಳಲ್ಲಿ ಅಂಟಿಸಬೇಕು. ಕನ್ನಡದಲ್ಲೂ ಮರಾಠಿಯಲ್ಲೂ ಹಾಕಿ. ಲೇಲೆ ಮೈದಾನದಲ್ಲಿ ಗೋಲು ಬಿದ್ದಾಗ ಯಾವ ಭಾಷೆಯಲ್ಲಿ ಕೂಗಿದರು ಎಂದು ಯಾರೂ ವಿಚಾರಿಸಿದ್ದಿಲ್ಲ. ಒಮ್ಮೆ ಅಚ್ಚಾದ ತಾರೀಖನ್ನು ಯಾವ ಮುಖ್ಯ ಅತಿಥಿಗಾಗಿಯೂ ಬದಲಿಸಬಾರದು. ಅವರು ಬಂದರೆ ಕುರ್ಚಿ ಹಾಕೋಣ, ಬರದಿದ್ದರೆ ಆಟ ನಡೆಯಲಿ.

ಮೊದಲ ವರ್ಷ ನೂರು ಜನ ಬಂದರೆ ಹೆಚ್ಚು. ಎರಡನೆಯ ವರ್ಷ ಜಗಳಗಳು ಶುರುವಾಗಬೇಕು: ಶಹಾಪುರದವರು ವಡಗಾವಿಯ ಹುಡುಗನನ್ನು ಮನೆ ಬಾಡಿಗೆ ಕೊಟ್ಟು ಸೆಳೆದರು, ಅನಗೋಳದ ಅಂಪೈರ್ ಕಣ್ಣು ಕಾಣುವುದಿಲ್ಲ ಎಂದು. ಅಂಥ ಜಗಳ ಹುಟ್ಟಿದರೆ ಆಟ ಊರಿಗೆ ಇಳಿಯಿತು ಎಂದು ತಿಳಿಯಿರಿ.

ಗೆರೆ ಹಾಕುವ ಸುಣ್ಣದ ಖರ್ಚು ನನ್ನದು. ತಂಡ ಕಟ್ಟುವವರು ನಿಮ್ಮಲ್ಲಿದ್ದಾರೆ, ಅವರ ಹೆಸರು ಈಗಲೇ ಹೇಳಿ ಮುಜುಗರ ಮಾಡುವುದಿಲ್ಲ. ಅಂಪೈರ್ ಕೆಲಸಕ್ಕೆ ಮಾತ್ರ ನನ್ನನ್ನು ಕರೆಯಬೇಡಿ. ನಾನು ಟಿಳಕವಾಡಿಯವನು, ಕ್ಯಾಂಪಿನವರಿಗೆ ನನ್ನಿಂದ ನ್ಯಾಯ ಸಿಗುವುದಿಲ್ಲ.